ಉದ್ಧರಣ ಚಿಹ್ನೆಯೊಳಗಿನ ಪ್ರಶ್ನೆ

ಬ್ಯಾಂಕಿನ ಖಾತೆ, ರೈಲಿನ ಟಿಕೆಟ್, ಆಸ್ಪತ್ರೆಯ ದಾಖಲೆ, ಕಾಲೇಜಿನ ಅಂಕಪಟ್ಟಿ ಇವನ್ನೆಲ್ಲ ನಿಭಾಯಿಸುವ ತಂತ್ರಾಂಶಗಳನ್ನು ಸಾಮಾನ್ಯವಾಗಿ ಎರಡು ಭಾಷೆಗಳಲ್ಲಿ ಬರೆಯುತ್ತಾರೆ. ಲೆಕ್ಕ ಹಾಕುವುದು, ಪರದೆಯ ಮೇಲೆ ತೋರಿಸುವುದು, ತಪ್ಪು ಒಪ್ಪು ನೋಡುವುದು ಜಾವಾ, ಸಿ ಶಾರ್ಪ್ ಅಥವಾ ಪೈಥಾನ್‌ನಂಥ ಒಂದು ಭಾಷೆಯಲ್ಲಿ. ಡೇಟಾಬೇಸಿನಿಂದ ಮಾಹಿತಿ ಕೇಳಿ ತರುವುದು ಎಸ್‌ಕ್ಯುಎಲ್ ಎಂಬ ಇನ್ನೊಂದು ಭಾಷೆಯಲ್ಲಿ. ಎರಡನೆಯದು ಬಹಳ ಕಡೆ ಮೊದಲನೆಯದರ ಹೊಟ್ಟೆಯೊಳಗೆ, ಉದ್ಧರಣ ಚಿಹ್ನೆಗಳ ನಡುವೆ, ಬರಿಯ ಅಕ್ಷರಗಳ ಸರವಾಗಿ ಕುಳಿತಿರುತ್ತದೆ. ಪ್ರೋಗ್ರಾಮನ್ನು ಸಾಲುಸಾಲಾಗಿ ಪರೀಕ್ಷಿಸುವ ಕಂಪೈಲರ್ ಆ ಚಿಹ್ನೆಗಳ ಹತ್ತಿರ ಬಂದಾಗ ಕಣ್ಣು ಮುಚ್ಚಿಕೊಳ್ಳುತ್ತದೆ. ಹೊರಗೆ ಒಂದು ಅರ್ಧವಿರಾಮ ಬಿಟ್ಟುಹೋದರೂ ಹಿಡಿದುಕೊಡುವ ಅದು, ಒಳಗೆ ಕೋಷ್ಟಕದ ಹೆಸರನ್ನೇ ತಪ್ಪಾಗಿ ಬರೆದಿದ್ದರೂ ಸುಮ್ಮನಿರುತ್ತದೆ. ತಪ್ಪು ಗೊತ್ತಾಗುವುದು ಗ್ರಾಹಕ ಕೌಂಟರಿನ ಮುಂದೆ ನಿಂತಾಗ. ಇಡೀ ಪ್ರೋಗ್ರಾಮಿನಲ್ಲಿ ಯಾವ ವಾಕ್ಯ ಅತಿ ಮುಖ್ಯವೋ ಅದನ್ನೇ ಕಂಪೈಲರ್ ಓದುವುದಿಲ್ಲ ಎಂಬ ಈ ಸ್ಥಿತಿ ಹೇಗೆ ಬಂತು, ಅದನ್ನು ಸರಿಪಡಿಸಲು ಯಾಕೆ ಮೂವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು ಎಂಬುದು ಈ ಅಧ್ಯಾಯದ ವಿಷಯ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಡೇಟಾಬೇಸನ್ನು ತಂದು ಭಾಷೆಯೊಳಗೆ ಕೂರಿಸುವ ಪ್ರಯತ್ನಗಳು ಒಂದು ಮಟ್ಟದಲ್ಲೇ ನಿಂತುಹೋದವು. ಭಾಷೆಯು ತನ್ನದೇ ಒಂದು ವಾಕ್ಯವನ್ನು ತಾನು ನಡೆಸದೆ, ಅರ್ಥ ಕೆಡದಂತೆ, ಇನ್ನೊಬ್ಬರ ಕೈಗೆ ದಾಟಿಸಲು ಕಲಿತಾಗ ಮಾತ್ರ ದಾರಿ ತೆರೆಯಿತು.

ಒಡಕು ಹುಟ್ಟಿನಲ್ಲೇ ಇತ್ತು. 1970ರ ಜೂನ್‌ನಲ್ಲಿ ಐಬಿಎಂನ ಸ್ಯಾನ್ ಹೋಸೆ ಪ್ರಯೋಗಾಲಯದ ಎಡ್ಗರ್ ಕಾಡ್ ಪ್ರಕಟಿಸಿದ ಪ್ರಬಂಧದಿಂದ ಇಂದಿನ ಡೇಟಾಬೇಸ್ ಯುಗ ಶುರುವಾಯಿತು ಎನ್ನುವುದು ಎಲ್ಲರೂ ಒಪ್ಪುವ ಮಾತು. ಅಲ್ಲಿಯವರೆಗೆ ಮಾಹಿತಿ ಬೇಕೆಂದರೆ ಪ್ರೋಗ್ರಾಮರ್ ಒಂದು ದಾಖಲೆಯಿಂದ ಇನ್ನೊಂದಕ್ಕೆ ಕೊಂಡಿ ಹಿಡಿದು ತಾನೇ ನಡೆಯಬೇಕಿತ್ತು. ಆ ಪದ್ಧತಿಯನ್ನು ಕಟ್ಟಿದ ಚಾರ್ಲ್ಸ್ ಬಾಕ್‌ಮನ್ ತಮ್ಮ 1973ರ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ಪ್ರೋಗ್ರಾಮರನನ್ನು ದಿಕ್ಕು ಹಿಡಿದು ಸಾಗುವ ನಾವಿಕನೆಂದೇ ಕರೆದರು. ಕಾಡ್ ಅವರ ಸಲಹೆ ಬೇರೆ: ಮಾಹಿತಿಯನ್ನೆಲ್ಲ ಗಣಿತದ ಸಂಬಂಧಗಳಾಗಿ, ಅಂದರೆ ಕೋಷ್ಟಕಗಳಾಗಿ ನೋಡಿ, ಏನು ಬೇಕೆಂದಷ್ಟೇ ಹೇಳಿ, ಹೇಗೆ ತರಬೇಕೆಂಬುದನ್ನು ಯಂತ್ರ ನೋಡಿಕೊಳ್ಳಲಿ. ಅದೇ ಪ್ರಬಂಧದಲ್ಲಿ ಅವರು ಇನ್ನೊಂದು ವಿಂಗಡಣೆಯನ್ನೂ ಮಾಡಿದರು. ಪ್ರಶ್ನೆ ಕೇಳುವುದಕ್ಕೆ ಒಂದು ಉಪಭಾಷೆ, ಉಳಿದ ಲೆಕ್ಕಾಚಾರಕ್ಕೆ ಅದನ್ನು ಹೊತ್ತುಕೊಳ್ಳುವ ಒಂದು ಆತಿಥೇಯ ಭಾಷೆ. ಉಪಭಾಷೆಗೆ ಬೇಕಾದದ್ದು ವರ್ಣಿಸುವ ಶಕ್ತಿ, ಲೆಕ್ಕ ಮಾಡುವ ಶಕ್ತಿ ಅಲ್ಲ. ಈ ವಿಂಗಡಣೆಗೆ ಒಳ್ಳೆಯ ಕಾರಣವಿತ್ತು ಎಂಬುದನ್ನು ಮರೆಯಬಾರದು. ಒಂದೇ ಡೇಟಾಬೇಸನ್ನು ಕೋಬಾಲ್, ಪಿಎಲ್ ಒನ್, ಫೋರ್‌ಟ್ರಾನ್ ಬರೆಯುವವರೆಲ್ಲ ಬಳಸಬೇಕಿತ್ತು. ವರ್ಣನೆಯನ್ನಷ್ಟೇ ಹೇಳುವ ಸಣ್ಣ ಭಾಷೆಯಾದರೆ ಅದರ ಪ್ರತಿ ವಾಕ್ಯವನ್ನೂ ಯಂತ್ರ ವಿಶ್ಲೇಷಿಸಿ, ವೇಗದ ದಾರಿಯನ್ನು ತಾನೇ ಹುಡುಕಬಹುದು. ಲೂಪು, ಚಲ ಎಲ್ಲವೂ ತುಂಬಿದ ದೊಡ್ಡ ಭಾಷೆಯಲ್ಲಿ ಆ ವಿಶ್ಲೇಷಣೆ ಅಸಾಧ್ಯಕ್ಕೆ ಹತ್ತಿರ.

1974ರಲ್ಲಿ ಐಬಿಎಂನದೇ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಸೀಕ್ವೆಲ್ ಎಂಬ ಪ್ರಶ್ನಾಭಾಷೆಯನ್ನು ಮುಂದಿಟ್ಟರು. ವೃತ್ತಿಪರ ಪ್ರೋಗ್ರಾಮರರ ಜೊತೆಗೆ, ಅಪರೂಪಕ್ಕೊಮ್ಮೆ ಡೇಟಾಬೇಸ್ ಬಳಸುವ ಜನರೂ ಓದಿ ಬರೆಯುವಂತಿರಬೇಕು ಎಂಬುದು ಅವರ ಆಸೆ. ಅದೇ ಮುಂದೆ ಎಸ್‌ಕ್ಯುಎಲ್ ಎಂದಾಯಿತು, 1986ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕವೂ ಆಯಿತು. ಕುಳಿತು ಟೈಪ್ ಮಾಡಿ ಉತ್ತರ ನೋಡುವವರಿಗೆ ಅದು ಸೊಗಸಾಗಿತ್ತು. ಪ್ರೋಗ್ರಾಮಿನೊಳಗಿಂದ ಅದನ್ನು ಬಳಸಬೇಕಾದಾಗ ಕಷ್ಟ ಎದುರಾಯಿತು. ಕೋಬಾಲ್ ಸಾಲುಗಳ ನಡುವೆ ವಿಶೇಷ ಗುರುತು ಹಾಕಿ ಎಸ್‌ಕ್ಯುಎಲ್ ಬರೆಯುವುದು, ಕಂಪೈಲರಿಗಿಂತ ಮೊದಲು ಇನ್ನೊಂದು ಪ್ರೋಗ್ರಾಮ್ ಬಂದು ಆ ಸಾಲುಗಳನ್ನು ಹೆಕ್ಕಿ, ಪರೀಕ್ಷಿಸಿ, ಬೇರೆ ಮಾಡುವುದು, ಇದು ಆಗ ಕಂಡುಕೊಂಡ ವ್ಯವಸ್ಥೆ. ಡೇಟಾಬೇಸ್ ಉತ್ತರ ಕೊಡುವುದು ಇಡೀ ಗಣವಾಗಿ. ಕೋಬಾಲ್‌ಗೆ ಗೊತ್ತಿರುವುದು ಒಂದು ಸಲಕ್ಕೆ ಒಂದು ದಾಖಲೆ. ಆದ್ದರಿಂದ ನಡುವೆ ಕರ್ಸರ್ ಎಂಬ ಒಂದು ಸಾಧನ ಇಟ್ಟು, ಸಾಲನ್ನು ಒಂದೊಂದಾಗಿ ಕೈದಾಟಿಸಬೇಕಾಯಿತು. ಗಣವಾಗಿ ಯೋಚಿಸಿ ಎಂದು ಕಾಡ್ ಹೇಳಿದ್ದರ ಪೂರ್ಣ ಲಾಭ ಆತಿಥೇಯ ಭಾಷೆಯ ಹೊಸ್ತಿಲಲ್ಲೇ ನಿಂತುಹೋಯಿತು. ಆಮೇಲೆ ಬಂದ ಬಹುತೇಕ ಭಾಷೆಗಳಲ್ಲಿ ಆ ಮುಂಚಿತ ಪರೀಕ್ಷೆಯೂ ಮಾಯವಾಗಿ, ಪ್ರಶ್ನೆ ಉದ್ಧರಣ ಚಿಹ್ನೆಗಳ ನಡುವಿನ ಪಠ್ಯವಾಗಿ ಇಳಿಯಿತು.

ಈ ಒಡಕಿಗೆ ತೆತ್ತ ಬೆಲೆ ಸಣ್ಣದಲ್ಲ. ಸ್ಕಾಟ್ಲೆಂಡಿನ ಮಾಲ್ಕಮ್ ಅಟ್ಕಿನ್‌ಸನ್, ರಾನ್ ಮಾರಿಸನ್ ಮತ್ತು ಸಂಗಡಿಗರು 1983ರ ಪ್ರಬಂಧವೊಂದರಲ್ಲಿ, ಒಂದು ಸಾಮಾನ್ಯ ಪ್ರೋಗ್ರಾಮಿನ ಸುಮಾರು ಶೇಕಡಾ 30ರಷ್ಟು ಸಾಲುಗಳು ಕೇವಲ ಮಾಹಿತಿಯನ್ನು ಕಡತಕ್ಕೋ ಡೇಟಾಬೇಸಿಗೋ ಸಾಗಿಸುವುದಕ್ಕೆ ಖರ್ಚಾಗುತ್ತವೆ ಎಂಬ ಅಂದಾಜನ್ನು ಉಲ್ಲೇಖಿಸಿದ್ದಾರೆ. ಸಮಸ್ಯೆಯನ್ನು ಬಗೆಹರಿಸಲು ಒಂದಕ್ಷರವೂ ನೆರವಾಗದ ಸಾಲುಗಳು ಇವು. ಇದಕ್ಕಿಂತ ಘೋರವಾದದ್ದು ಭದ್ರತೆಯ ಪ್ರಶ್ನೆ. ಪ್ರಶ್ನೆ ಬರಿಯ ಅಕ್ಷರಸರವಾದರೆ ಅದನ್ನು ತುಂಡುತುಂಡು ಜೋಡಿಸಿ ಕಟ್ಟುವುದು ಸಹಜ: ಅರ್ಧ ವಾಕ್ಯ ಪ್ರೋಗ್ರಾಮರ್ ಬರೆದದ್ದು, ನಡುವೆ ಬಳಕೆದಾರ ಟೈಪ್ ಮಾಡಿದ ಹೆಸರು, ಕೊನೆಗೆ ಉಳಿದರ್ಧ. ಬಳಕೆದಾರ ಹೆಸರಿನ ಜಾಗದಲ್ಲಿ ಎಸ್‌ಕ್ಯುಎಲ್‌ನದೇ ತುಣುಕೊಂದನ್ನು ಬರೆದರೆ ಡೇಟಾಬೇಸ್ ಅದನ್ನೂ ಆಜ್ಞೆ ಎಂದೇ ಪಾಲಿಸುತ್ತದೆ. 1998ರಲ್ಲಿ ಬಹಿರಂಗವಾಗಿ ವಿವರಿಸಲಾದ ಈ ಎಸ್‌ಕ್ಯುಎಲ್ ಇಂಜೆಕ್ಷನ್ ದಾಳಿ ಮುಂದೆ ಜಾಲತಾಣಗಳನ್ನು ಎಷ್ಟು ಕಾಡಿತೆಂದರೆ, ಅಂತರ್ಜಾಲ ಭದ್ರತೆಯ ಅಪಾಯಗಳನ್ನು ಪಟ್ಟಿ ಮಾಡುವ ಒವಾಸ್ಪ್ ಸಂಸ್ಥೆ 2010, 2013 ಮತ್ತು 2017ರ ಮೂರೂ ಪಟ್ಟಿಗಳಲ್ಲಿ ಇಂಜೆಕ್ಷನ್ ಬಗೆಯ ದಾಳಿಗಳನ್ನು ಮೊದಲ ಸ್ಥಾನದಲ್ಲಿಟ್ಟಿತು. ಪ್ರೋಗ್ರಾಮರರ ಅಜಾಗ್ರತೆ ಇದಕ್ಕೆ ಕಾರಣ ಎಂದು ಹೇಳುವವರಿದ್ದಾರೆ. ಅಷ್ಟು ಜನ, ಅಷ್ಟು ದೇಶಗಳಲ್ಲಿ, ಅಷ್ಟು ವರ್ಷ ಒಂದೇ ತಪ್ಪು ಮಾಡಿದರೆಂದರೆ ದೋಷ ಉಪಕರಣದಲ್ಲಿದೆ ಎಂದೇ ನಾನು ತಿಳಿಯುತ್ತೇನೆ. ವಾಕ್ಯ ಯಾವುದು, ವಾಕ್ಯದೊಳಗಿನ ಮೌಲ್ಯ ಯಾವುದು ಎಂಬ ಭೇದವನ್ನು ಅಕ್ಷರಸರ ಅಳಿಸಿಹಾಕುತ್ತದೆ. ಅದನ್ನು ಮತ್ತೆ ನೆನಪಿಟ್ಟುಕೊಳ್ಳುವ ಹೊಣೆ ಮನುಷ್ಯನ ಮೇಲೆ ಬೀಳುತ್ತದೆ.

ಇದನ್ನು ಸರಿಪಡಿಸುವ ಯತ್ನ ಬಹಳ ಬೇಗ ಆರಂಭವಾಯಿತು. ಮೈಕ್ರೋಸಾಫ್ಟ್ 2007ರಲ್ಲಿ ಹೊರತಂದ ಲಿಂಕ್ ಎಂಬ ಸೌಲಭ್ಯದಿಂದಲೇ ಈ ಇತಿಹಾಸ ಶುರುವಾಗುತ್ತದೆ ಎಂದು ತಿಳಿಯುವವರಿಗೆ ಈ ಭಾಗ ಅಚ್ಚರಿಯಾಗಬಹುದು. ಸೀಕ್ವೆಲ್ ಬಂದು ಮೂರೇ ವರ್ಷಕ್ಕೆ, 1977ರಲ್ಲಿ, ಹ್ಯಾಂಬರ್ಗ್ ವಿಶ್ವವಿದ್ಯಾಲಯದ ಯೋಆಖಿಮ್ ಶ್ಮಿಟ್ ಪಾಸ್ಕಲ್ ಭಾಷೆಗೆ ‘ಸಂಬಂಧ’ ಎಂಬ ಹೊಸ ಮಾಹಿತಿ ಬಗೆಯನ್ನೇ ಸೇರಿಸಿ ಪಾಸ್ಕಲ್ ಆರ್ ಕಟ್ಟಿದರು. ಪೂರ್ಣಾಂಕ, ಅಕ್ಷರ ಎಂಬ ಬಗೆಗಳಿರುವಂತೆ ಕೋಷ್ಟಕವೂ ಒಂದು ಬಗೆ. ಅದರ ಪ್ರತಿ ಅಂಶಕ್ಕೆ, ಕೆಲವಕ್ಕೆ, ಎಲ್ಲವಕ್ಕೆ ಎಂಬ ತರ್ಕದ ಮಾತುಗಳು ಭಾಷೆಯ ವ್ಯಾಕರಣದಲ್ಲೇ ಬಂದವು. ಕಂಪೈಲರ್ ಪ್ರಶ್ನೆಯನ್ನು ಓದತೊಡಗಿತು. ಅಟ್ಕಿನ್‌ಸನ್ ಮತ್ತು ಮಾರಿಸನ್ ತಮ್ಮ ಪಿಎಸ್ ಆಲ್ಗಾಲ್‌ನಲ್ಲಿ ಇನ್ನೂ ಮುಂದೆ ಹೋಗಿ, ಯಾವ ಬಗೆಯ ಮಾಹಿತಿಯಾದರೂ ಪ್ರೋಗ್ರಾಮ್ ಮುಗಿದ ಮೇಲೂ ಉಳಿಯುವಂತೆ ಮಾಡಿದರು. ಡೇಟಾಬೇಸ್ ಎಂಬ ಬೇರೆ ವಸ್ತುವೇ ಬೇಡ ಎಂಬುದು ಅದರ ಧ್ವನಿ. ಎರಡೂ ಧೀರ ಪ್ರಯತ್ನಗಳು, ಎರಡೂ ಸಂಶೋಧನಾಲಯಗಳ ಆಚೆ ಹೆಚ್ಚು ಹರಡಲಿಲ್ಲ. ಹರಡಿದ್ದು ಇನ್ನೊಂದು ಕುಲ. 1980ರ ದಶಕದ ಡಿಬೇಸ್, ಆನಂತರದ ಫಾಕ್ಸ್‌ಪ್ರೊ ಇವುಗಳಲ್ಲಿ ಕಡತ ತೆರೆಯುವುದು, ದಾಖಲೆ ಹುಡುಕುವುದು, ತಿದ್ದುವುದು ಎಲ್ಲವೂ ಭಾಷೆಯ ಆಜ್ಞೆಗಳೇ. 1990ರ ದಶಕದಲ್ಲಿ ಬೆಂಗಳೂರಿನಿಂದ ಹಿಡಿದು ತಾಲ್ಲೂಕು ಕೇಂದ್ರಗಳವರೆಗೆ ಕಂಪ್ಯೂಟರ್ ತರಬೇತಿ ಪಡೆದ ಕನ್ನಡಿಗರಲ್ಲಿ ಬಹಳ ಜನ ಪ್ರೋಗ್ರಾಮಿಂಗ್‌ನ ಮೊದಲ ಅಕ್ಷರ ಕಲಿತದ್ದು ಈ ಭಾಷೆಗಳಲ್ಲೇ. ಫಾಕ್ಸ್‌ಪ್ರೊದಲ್ಲಂತೂ ಸೆಲೆಕ್ಟ್ ವಾಕ್ಯವನ್ನು ಉದ್ಧರಣ ಚಿಹ್ನೆಯಿಲ್ಲದೆ ನೇರವಾಗಿ ಬರೆಯಬಹುದಿತ್ತು.

ಹಾಗಾದರೆ ಸಮಸ್ಯೆ ಅಲ್ಲೇ ಬಗೆಹರಿದಿತ್ತಲ್ಲವೇ? ನನ್ನ ವಾದಕ್ಕೆ ಅತ್ಯಂತ ಗಟ್ಟಿಯಾದ ಸಾಕ್ಷಿ ಇಲ್ಲೇ ಇದೆ. ಫಾಕ್ಸ್‌ಪ್ರೊದ ಸೆಲೆಕ್ಟ್ ನಡೆಯುತ್ತಿದ್ದುದು ಫಾಕ್ಸ್‌ಪ್ರೊದ್ದೇ ಕಡತಗಳ ಮೇಲೆ, ಫಾಕ್ಸ್‌ಪ್ರೊದ್ದೇ ಎಂಜಿನ್‌ನಲ್ಲಿ. ಸಂಸ್ಥೆ ಬೆಳೆದು ಮಾಹಿತಿ ದೂರದ ಸರ್ವರಿಗೆ ಹೋದಾಗ, ಆ ಸರ್ವರಿನೊಡನೆ ಅದರದೇ ಮಾತಿನಲ್ಲಿ ನೇರವಾಗಿ ಮಾತನಾಡಲು ಎಸ್‌ಕ್ಯುಎಲ್ ಎಕ್ಸೆಕ್ ಎಂಬ ಆಜ್ಞೆ ಬಳಸಬೇಕಾಯಿತು. ಆ ಆಜ್ಞೆಗೆ ಕೊಡಬೇಕಾದದ್ದು ಅದೇ ಹಳೆಯ ಅಕ್ಷರಸರ. ಉದ್ಧರಣ ಚಿಹ್ನೆ ಮರಳಿ ಬಂತು. ಪಾಸ್ಕಲ್ ಆರ್, ಪಿಎಸ್ ಆಲ್ಗಾಲ್ ಎರಡಕ್ಕೂ ಇದೇ ಮಿತಿ: ಮಾಹಿತಿ ಭಾಷೆಯ ಸ್ವಂತ ಮನೆಯಲ್ಲಿರುವಷ್ಟು ಹೊತ್ತು ಎಲ್ಲವೂ ಸರಿ. ಆದರೆ ಬ್ಯಾಂಕಿನ ಮಾಹಿತಿ ಯಾವ ಒಂದು ಭಾಷೆಯ ಸ್ವತ್ತೂ ಅಲ್ಲ. ಅದು ಪ್ರೋಗ್ರಾಮಿಗಿಂತ, ಒಮ್ಮೊಮ್ಮೆ ಭಾಷೆಗಿಂತಲೂ ಹೆಚ್ಚು ಕಾಲ ಬದುಕಬೇಕಾದದ್ದು. ಕಾಡ್ ಮಾಡಿದ ವಿಂಗಡಣೆಯ ಹಿಂದಿನ ಸತ್ಯ ಇದು. ಭಾಷೆಯೊಳಗೆ ಡೇಟಾಬೇಸನ್ನು ನುಂಗುವ ಯಾವ ಯೋಜನೆಯೂ ಆ ಸತ್ಯದ ಜೊತೆ ಗುದ್ದಾಡಿ ಗೆಲ್ಲುವಂತಿರಲಿಲ್ಲ. ಬೇಕಾಗಿದ್ದುದು ಎರಡು ಬೇರೆ ಬೇರೆ ವಿಚಾರಗಳು. ಒಂದು, ಪ್ರಶ್ನೆಯನ್ನು ಭಾಷೆಯ ಸಹಜ ವಾಕ್ಯವಾಗಿ ಬರೆಯುವ ರೀತಿ. ಇನ್ನೊಂದು, ಬರೆದ ಆ ವಾಕ್ಯವನ್ನು ತಾನು ನಡೆಸದೆ ಇನ್ನೊಂದು ಯಂತ್ರಕ್ಕೆ ಅರ್ಥವಾಗುವ ರೂಪದಲ್ಲಿ ಸಾಗಿಸುವ ರೀತಿ.

ಮೊದಲನೆಯದು ಗಣಿತದಿಂದ ಬಂತು, ಅದೂ ಡೇಟಾಬೇಸಿನ ಹಂಗಿಲ್ಲದೆ. ಶಾಲೆಯಲ್ಲಿ ಗಣಗಳನ್ನು ಕಲಿಯುವಾಗ ಒಂದು ಗಣವನ್ನು ನಿಯಮದಿಂದ ಬರೆಯುವ ಕ್ರಮ ಎಲ್ಲರೂ ನೋಡಿರುತ್ತೇವೆ: ಸ್ವಾಭಾವಿಕ ಸಂಖ್ಯೆಗಳಲ್ಲಿ ಯಾವುವು ಸಮವೋ ಅವುಗಳ ವರ್ಗಗಳ ಗಣ, ಎಂಬಂತೆ. ಇರುವ ಗಣದಿಂದ ನಿಯಮದ ಮೂಲಕ ಹೊಸ ಗಣ ಆಯುವ ಈ ಹಕ್ಕನ್ನು ಎರ್ನ್ಸ್ಟ್ ಜೆರ್ಮೆಲೊ 1908ರಲ್ಲಿ ಗಣಸಿದ್ಧಾಂತದ ಆಧಾರಸೂತ್ರಗಳಲ್ಲಿ ಒಂದಾಗಿ ಇಟ್ಟರು. ಅಬ್ರಹಾಂ ಫ್ರೆಂಕೆಲ್ 1920ರ ದಶಕದಲ್ಲಿ ಆ ಚೌಕಟ್ಟನ್ನು ಬಲಪಡಿಸಿದರು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಜಾಕ್ ಶ್ವಾರ್ಟ್ಸ್ ಈ ಬರವಣಿಗೆಯನ್ನು ಸೆಟಲ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ತಂದರು. 1977ರ ಹೊತ್ತಿಗೆ ಎಡಿನ್‌ಬರೊದಲ್ಲಿ ರಾಡ್ ಬರ್ಸ್ಟಲ್ ಮತ್ತು ಜಾನ್ ಡಾರ್ಲಿಂಗ್ಟನ್ ಅವರ ಎನ್‌ಪಿಎಲ್ ಭಾಷೆಯಲ್ಲಿ ಅದು ಕಾಣಿಸಿಕೊಂಡಿತು. ಕೆಂಟ್ ವಿಶ್ವವಿದ್ಯಾಲಯದ ಡೇವಿಡ್ ಟರ್ನರ್ ತಮ್ಮ ಕೆಆರ್‌ಸಿ ಭಾಷೆಯಲ್ಲಿ ಅದನ್ನು ಪಟ್ಟಿಗಳಿಗೆ ಒಗ್ಗಿಸಿ, ಜೆರ್ಮೆಲೊ ಮತ್ತು ಫ್ರೆಂಕೆಲ್ ಗೌರವಾರ್ಥವಾಗಿ ಜೆಡ್‌ಎಫ್ ಉಕ್ತಿ ಎಂದು ಕರೆದರು. ಫಿಲಿಪ್ ವಾಡ್ಲರ್ ಬಳಸಿದ ಲಿಸ್ಟ್ ಕಾಂಪ್ರಿಹೆನ್ಶನ್ ಎಂಬ ಹೆಸರು ಕೊನೆಗೆ ನಿಂತಿತು. ಪೈಥಾನ್ ಬರೆಯುವ ಇಂದಿನ ವಿದ್ಯಾರ್ಥಿ ಚೌಕ ಆವರಣದೊಳಗೆ ಫಾರ್ ಮತ್ತು ಇಫ್ ಹಾಕಿ ಬರೆಯುವುದು ಇದೇ ವಂಶದ ಕುಡಿ. ಇದರ ಪಕ್ಕದಲ್ಲಿ ಎಸ್‌ಕ್ಯುಎಲ್‌ನ ಸೆಲೆಕ್ಟ್, ಫ್ರಮ್, ವೇರ್ ಇಟ್ಟು ನೋಡಿ. ಎಲ್ಲಿಂದ, ಯಾವ ಷರತ್ತಿನ ಮೇಲೆ, ಏನನ್ನು ಎಂಬ ಅದೇ ಮೂರು ಭಾಗಗಳು. ಇದು ಕಾಕತಾಳೀಯವೇನಲ್ಲ. ಕಾಡ್ ಹೊರಟದ್ದೂ ಗಣಗಳಿಂದಲೇ, ಟರ್ನರ್ ಹೊರಟದ್ದೂ ಗಣಗಳಿಂದಲೇ. ಡೇಟಾಬೇಸಿನವರು ಒಂದು ಸಮ್ಮೇಳನಕ್ಕೆ, ಭಾಷೆಯವರು ಇನ್ನೊಂದು ಸಮ್ಮೇಳನಕ್ಕೆ ಹೋಗುತ್ತಿದ್ದರೆಂಬ ಕಾರಣಕ್ಕೆ ಒಂದೇ ವಿಚಾರ ಎರಡು ವೇಷದಲ್ಲಿ ಬೆಳೆಯಿತು.

ಆ ಎರಡು ವೇಷಗಳನ್ನು ಎದುರುಬದುರು ನಿಲ್ಲಿಸಿದವರಲ್ಲಿ ಗ್ಲಾಸ್ಗೊ ವಿಶ್ವವಿದ್ಯಾಲಯದ ಫಿಲ್ ಟ್ರಿಂಡರ್ ಮತ್ತು ವಾಡ್ಲರ್ ಮುಖ್ಯರು. 1989ರಲ್ಲಿ ಮುಂಬಯಿಯಲ್ಲಿ, ಅಂದರೆ ಆಗಿನ ಬಾಂಬೆಯಲ್ಲಿ ನಡೆದ ಟೆನ್‌ಕಾನ್ ಸಮ್ಮೇಳನದ ಪ್ರಬಂಧದಲ್ಲಿ ಅವರು, ಡೇಟಾಬೇಸ್ ಎಂಜಿನ್‌ಗಳು ಪ್ರಶ್ನೆಯನ್ನು ವೇಗಗೊಳಿಸಲು ಮಾಡುವ ಪರಿವರ್ತನೆಗಳನ್ನು ಲಿಸ್ಟ್ ಕಾಂಪ್ರಿಹೆನ್ಶನ್‌ಗಳ ಮೇಲೂ ಮಾಡಬಹುದು ಎಂದು ತೋರಿಸಿದರು. ಷರತ್ತನ್ನು ಮೊದಲೇ ಅನ್ವಯಿಸಿ ಸಾಲುಗಳನ್ನು ಕಡಿಮೆ ಮಾಡಿಕೊಳ್ಳುವಂಥ ತಂತ್ರಗಳು ಅವು. ಹೀಗೆ, ಸಹಜ ಭಾಷೆಯ ವಾಕ್ಯವಾದರೆ ವಿಶ್ಲೇಷಣೆ ಸಾಧ್ಯವಿಲ್ಲ ಎಂಬ 1970ರ ಆತಂಕಕ್ಕೆ ಉತ್ತರ ಸಿಕ್ಕಿತು: ಭಾಷೆ ಎಷ್ಟೇ ದೊಡ್ಡದಿರಲಿ, ಅದರೊಳಗಿನ ಈ ಒಂದು ಬಗೆಯ ವಾಕ್ಯ ವಿಶ್ಲೇಷಣೆಗೆ ಒಗ್ಗುತ್ತದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಪೀಟರ್ ಬ್ಯೂನ್ಮನ್, ವಾಲ್ ಟ್ಯಾನೆನ್, ಲಿಮ್‌ಸೂನ್ ವಾಂಗ್ ಮತ್ತಿತರರು ಇದನ್ನು ನಿಜವಾದ ಕೆಲಸಕ್ಕೆ ಹಚ್ಚಿದರು. 1993ರಲ್ಲಿ ಅಮೆರಿಕದ ಇಂಧನ ಇಲಾಖೆಯ ಒಂದು ವರದಿ, ಮಾನವ ಜೀನೋಮ್ ಯೋಜನೆಗೆ ಬೇಕಾದ ಕೆಲವು ಪ್ರಶ್ನೆಗಳನ್ನು ಪಟ್ಟಿ ಮಾಡಿ, ಈಗಿನ ಸ್ಥಿತಿಯಲ್ಲಿ ಇವಕ್ಕೆ ಉತ್ತರ ಸಾಧ್ಯವಿಲ್ಲ ಎಂದಿತ್ತು. ಮನುಷ್ಯನ 22ನೆಯ ವರ್ಣತಂತುವಿನ ಡಿಎನ್‌ಎ ಸರಣಿಗಳನ್ನೂ, ಅವುಗಳನ್ನು ಹೋಲುವ ಬೇರೆ ಜೀವಿಗಳ ಸರಣಿಗಳನ್ನೂ ಒಟ್ಟಿಗೆ ಕೊಡು ಎಂಬುದು ಅವುಗಳಲ್ಲಿ ಒಂದು. ತೊಂದರೆಯೆಂದರೆ ಒಂದು ಭಾಗ ಸೈಬೇಸ್ ಎಂಬ ಡೇಟಾಬೇಸಿನಲ್ಲಿತ್ತು, ಇನ್ನೊಂದು ಭಾಗ ಕೋಷ್ಟಕಗಳೇ ಅಲ್ಲದ, ಒಂದರೊಳಗೊಂದು ಹೆಣೆದ ಕಡತಗಳಲ್ಲಿತ್ತು. ಪೆನ್ಸಿಲ್ವೇನಿಯಾದವರ ಕ್ಲೈಸ್ಲಿ ವ್ಯವಸ್ಥೆಯಲ್ಲಿ ಅದನ್ನು ಒಂದೇ ಕಾಂಪ್ರಿಹೆನ್ಶನ್ ಆಗಿ ಬರೆಯಬಹುದಿತ್ತು. ವ್ಯವಸ್ಥೆ ಅದನ್ನು ಬಿಡಿಸಿ, ಸೈಬೇಸಿಗೆ ಸಲ್ಲುವ ಭಾಗವನ್ನು ಎಸ್‌ಕ್ಯುಎಲ್ ಮಾಡಿ ಅಲ್ಲಿಗೆ ಕಳಿಸಿ, ಉಳಿದದ್ದನ್ನು ಇನ್ನೊಂದು ಕಡೆಯಿಂದ ತಂದು ಹೊಂದಿಸುತ್ತಿತ್ತು. ಆಗದು ಎಂದಿದ್ದ ಪ್ರಶ್ನೆಗಳಿಗೆ ಉತ್ತರ ಬಂತು. ಈ ಇಡೀ ಕಥೆಯಲ್ಲಿ ನನಗೆ ಬಹಳ ಹಿಡಿಸುವ ಘಟ್ಟ ಇದು. ಬರವಣಿಗೆಯ ಒಂದು ಕ್ರಮ ಜೀವವಿಜ್ಞಾನದ ಒಂದು ಬಾಗಿಲನ್ನು ತೆರೆಯಿತು.

ಎರಡನೆಯ ವಿಚಾರದ ಬೇರು ಇನ್ನೂ ಹಳೆಯದು. 1958ರಿಂದ ಜಾನ್ ಮೆಕಾರ್ಥಿ ರೂಪಿಸಿದ ಲಿಸ್ಪ್ ಭಾಷೆಯಲ್ಲಿ ಕೋಟ್ ಎಂಬ ಒಂದು ಸೌಲಭ್ಯವಿದೆ. ಅದನ್ನು ಹಾಕಿದರೆ ಮುಂದಿನ ಉಕ್ತಿಯನ್ನು ಭಾಷೆ ನಡೆಸುವುದಿಲ್ಲ. ಅದರ ರಚನೆಯನ್ನೇ ಮಾಹಿತಿಯಾಗಿ ಕೈಗಿಡುತ್ತದೆ. ಇದೂ ಒಂದು ಉದ್ಧರಣವೇ, ಆದರೆ ಅಕ್ಷರಸರಕ್ಕೂ ಇದಕ್ಕೂ ಅಜಗಜಾಂತರ. ಅಕ್ಷರಸರದಲ್ಲಿ ರಚನೆ ಸತ್ತಿರುತ್ತದೆ. ಇಲ್ಲಿ ಯಾವುದು ಷರತ್ತು, ಯಾವುದು ಹೆಸರು, ಯಾವುದು ಮೌಲ್ಯ ಎಂಬ ಭೇದವೆಲ್ಲ ಉಳಿದಿರುತ್ತದೆ. ಈ ಎರಡು ತೊರೆಗಳು ಸೇರುವುದಕ್ಕೆ 1990ರ ದಶಕದ ಕೊನೆಯವರೆಗೆ ಕಾಯಬೇಕಾಯಿತು. 1999ರಲ್ಲಿ ಡಾನ್ ಲೈಯೆನ್ ಮತ್ತು ಎರಿಕ್ ಮೈಯರ್ ಎಂಬ ಡಚ್ ಸಂಶೋಧಕರು ಹ್ಯಾಸ್ಕೆಲ್ ಭಾಷೆಯಲ್ಲಿ ಬರೆದ ಪ್ರಶ್ನೆಯಿಂದ ಎಸ್‌ಕ್ಯುಎಲ್ ಹುಟ್ಟಿಸುವ ಹ್ಯಾಸ್ಕೆಲ್ ಡಿಬಿಯನ್ನು ಪ್ರಕಟಿಸಿದರು. ತಪ್ಪು ಪ್ರಶ್ನೆಯನ್ನು ಹ್ಯಾಸ್ಕೆಲ್ ಕಂಪೈಲರೇ ತಡೆಯುತ್ತಿತ್ತು. ಮೈಯರ್ ಮುಂದೆ ಮೈಕ್ರೋಸಾಫ್ಟ್ ಸೇರಿದರು. ಅಲ್ಲಿ ವೋಲ್ಫ್‌ರಾಮ್ ಶುಲ್ಟೆ, ಗ್ಯಾವಿನ್ ಬಿಯರ್‌ಮನ್ ಮೊದಲಾದವರೊಡನೆ ಸಿ ಒಮೆಗಾ ಎಂಬ ಪ್ರಾಯೋಗಿಕ ಭಾಷೆ ಕಟ್ಟಿದರು. ಟರ್ಬೊ ಪಾಸ್ಕಲ್ ಮತ್ತು ಡೆಲ್ಫಿಯಿಂದ ಹೆಸರಾದ ಆಂಡರ್ಸ್ ಹೈಲ್ಸ್‌ಬರ್ಗ್ ಆಗ ಸಿ ಶಾರ್ಪ್ ಭಾಷೆಯ ಮುಖ್ಯ ವಿನ್ಯಾಸಕಾರ. ಆ ಪ್ರಯೋಗದ ವಿಚಾರಗಳು ಸಿ ಶಾರ್ಪ್‌ಗೆ ಬಂದು, 2005ರ ಸೆಪ್ಟೆಂಬರ್‌ನಲ್ಲಿ ಲಿಂಕ್ ಅನ್ನು ಘೋಷಿಸಲಾಯಿತು, 2007ರ ನವೆಂಬರ್‌ನಲ್ಲಿ ಅದು ಸಿ ಶಾರ್ಪ್‌ನ ಮೂರನೆಯ ಆವೃತ್ತಿಯ ಜೊತೆ ಎಲ್ಲರ ಕೈಗೆ ಬಂತು. ಫಾಕ್ಸ್‌ಪ್ರೊದ ಹೊಸ ಆವೃತ್ತಿ ಇನ್ನಿಲ್ಲ ಎಂದು ಮೈಕ್ರೋಸಾಫ್ಟ್ ತಿಳಿಸಿದ್ದೂ ಅದೇ 2007ರಲ್ಲಿ.

ಲಿಂಕ್ ಹೇಗೆ ಕೆಲಸ ಮಾಡುತ್ತದೆಂದು ಸ್ವಲ್ಪ ನಿಧಾನವಾಗಿ ನೋಡೋಣ. 2000ನೆಯ ಇಸವಿಯ ನಂತರ ಅಚ್ಚಾದ ಪುಸ್ತಕಗಳ ಹೆಸರು ಬೇಕು ಎಂದಿಟ್ಟುಕೊಳ್ಳಿ. ಪ್ರೋಗ್ರಾಮರ್ ಫ್ರಮ್‌ನಿಂದ ಆರಂಭಿಸಿ ಪುಸ್ತಕಗಳನ್ನು ಹೆಸರಿಸಿ, ವೇರ್‌ನಲ್ಲಿ ಇಸವಿಯ ಷರತ್ತು ಹೇಳಿ, ಕೊನೆಗೆ ಸೆಲೆಕ್ಟ್ ಬರೆಯುತ್ತಾನೆ. ಎಸ್‌ಕ್ಯುಎಲ್‌ನಲ್ಲಿ ಮೊದಲು ಬರುವ ಸೆಲೆಕ್ಟ್ ಇಲ್ಲಿ ಕೊನೆಗೆ ಹೋದದ್ದಕ್ಕೆ ಕಾರಣವಿದೆ. ಎಲ್ಲಿಂದ ಎಂಬುದು ಮೊದಲೇ ಗೊತ್ತಾದರೆ ಮುಂದಿನ ಪದ ಟೈಪಿಸುವಾಗ ಸಂಪಾದಕ ತಂತ್ರಾಂಶ ಸರಿಯಾದ ಹೆಸರುಗಳನ್ನು ಸೂಚಿಸಬಲ್ಲದು. ಕಂಪೈಲರ್ ಈ ವಾಕ್ಯವನ್ನು ವೇರ್, ಸೆಲೆಕ್ಟ್ ಎಂಬ ಸಾಮಾನ್ಯ ವಿಧಾನಗಳ ಕರೆಯಾಗಿ ಬಿಡಿಸುತ್ತದೆ. ಪುಸ್ತಕಗಳು ಮೆಮೊರಿಯಲ್ಲೇ ಇರುವ ಪಟ್ಟಿಯಾದರೆ ಷರತ್ತು ಯಂತ್ರಸಂಕೇತವಾಗಿ ಅಲ್ಲೇ ನಡೆಯುತ್ತದೆ. ಪುಸ್ತಕಗಳು ಡೇಟಾಬೇಸಿನಲ್ಲಿದ್ದರೆ, ಅದೇ ಷರತ್ತನ್ನು ಕಂಪೈಲರ್ ಒಂದು ಮರದ ರೂಪದ ರಚನೆಯಾಗಿ ಹಾಗೇ ಇಡುತ್ತದೆ. ಉತ್ತರ ನಿಜಕ್ಕೂ ಬೇಕಾದ ಗಳಿಗೆಯಲ್ಲಿ ಆ ಮರವನ್ನು ಓದುವ ಇನ್ನೊಂದು ಘಟಕ ಅದನ್ನು ಎಸ್‌ಕ್ಯುಎಲ್‌ಗೆ ತಿರುಗಿಸಿ ಕಳಿಸುತ್ತದೆ. ಗೋದಾಮಿನಲ್ಲಿರುವ ಸಾವಿರ ಮೂಟೆಗಳನ್ನು ಅಂಗಡಿಗೆ ಹೊರಿಸಿ ತಂದು ಬೇಕಾದ ಎರಡನ್ನು ಆರಿಸುವುದಕ್ಕೂ, ಬೇಕಾದ್ದನ್ನು ಚೀಟಿಯಲ್ಲಿ ಬರೆದು ಗೋದಾಮಿನವನಿಗೆ ಕಳಿಸಿ ಎರಡನ್ನೇ ತರಿಸುವುದಕ್ಕೂ ಇರುವ ವ್ಯತ್ಯಾಸ ಇದು. ಪಾಸ್ಕಲ್ ಆರ್‌ನಿಂದ ಫಾಕ್ಸ್‌ಪ್ರೊವರೆಗಿನ ಭಾಷೆಗಳು ಗೋದಾಮನ್ನೇ ತಮ್ಮದಾಗಿಸಿಕೊಂಡಿದ್ದವು. ಲಿಂಕ್ ಗೋದಾಮನ್ನು ಅದರ ಪಾಡಿಗೆ ಬಿಟ್ಟು ಚೀಟಿಯನ್ನು ಸರಿಪಡಿಸಿತು. ಬಳಕೆದಾರ ಟೈಪ್ ಮಾಡಿದ ಹೆಸರು ಮರದಲ್ಲಿ ಮೌಲ್ಯವಾಗಿಯೇ ಕುಳಿತಿರುವುದರಿಂದ, ಆಮೇಲೂ ಅದನ್ನು ಮೌಲ್ಯವಾಗಿಯೇ ಬೇರೆಯಾಗಿ ಕಳಿಸುವುದರಿಂದ, ಆಜ್ಞೆಯಾಗಿ ನುಸುಳುವ ದಾರಿ ಅದಕ್ಕೆ ಇರುವುದಿಲ್ಲ.

ಇದೆಲ್ಲ ಬರಿಯ ಬರವಣಿಗೆಯ ಸಿಹಿಲೇಪ, ಇದರಲ್ಲಿ ಹೊಸ ಶಕ್ತಿಯೇನಿಲ್ಲ ಎಂಬ ಆಕ್ಷೇಪಣೆ ಇದೆ. ಫ್ರಮ್, ವೇರ್ ಎಂಬ ಪದಗಳ ಮಟ್ಟಿಗೆ ಅದು ನಿಜ. ಅವಿಲ್ಲದೆಯೂ ವಿಧಾನಗಳನ್ನು ನೇರ ಕರೆದು ಅದೇ ಕೆಲಸ ಮಾಡಬಹುದು, ಬಹಳ ಪ್ರೋಗ್ರಾಮರರು ಹಾಗೆಯೇ ಮಾಡುತ್ತಾರೆ. ಆದರೆ ಷರತ್ತನ್ನು ಮರವಾಗಿ ಇಡುವ ಕೆಲಸ ಲೇಪವಲ್ಲ. ಅದನ್ನು ಕಂಪೈಲರ್ ಮಾಡದಿದ್ದರೆ ಯಾವ ಪ್ರೋಗ್ರಾಮಿಂಗ್ ಲೈಬ್ರರಿಯೂ ಹೊರಗಿಂದ ಸರಿಯಾಗಿ ಮಾಡಲಾರದು. ಏಕೆಂದರೆ ಯಂತ್ರಸಂಕೇತವಾಗಿ ಇಳಿದ ಮೇಲೆ ಮೂಲ ವಾಕ್ಯದ ರಚನೆ ಕರಗಿಹೋಗಿರುತ್ತದೆ. ಇನ್ನು ಕೆಲವರು, ಎಸ್‌ಕ್ಯುಎಲ್ ಅರ್ಧ ಶತಮಾನ ಬಾಳಿದ ಗಟ್ಟಿ ಭಾಷೆ, ಅದನ್ನೇ ಚೆನ್ನಾಗಿ ಕಲಿತು ನೇರವಾಗಿ ಬರೆಯುವುದು ಒಳ್ಳೆಯದು ಎನ್ನುತ್ತಾರೆ. ವಿಶ್ಲೇಷಣೆಯ ದೊಡ್ಡ ವರದಿಗಳಿಗೆ ಈ ಮಾತನ್ನು ನಾನು ಒಪ್ಪುತ್ತೇನೆ. ಕೈಯಲ್ಲಿ ಬರೆದ ಎಸ್‌ಕ್ಯುಎಲ್‌ನ ಸೂಕ್ಷ್ಮತೆ ಅಲ್ಲಿ ಬೇಕೇ ಬೇಕು. ದಿನನಿತ್ಯದ ಸಾವಿರಾರು ಸಣ್ಣ ಪ್ರಶ್ನೆಗಳ ವಿಷಯ ಬೇರೆ. ಕೋಷ್ಟಕದ ಒಂದು ಕಂಬಸಾಲಿನ ಹೆಸರು ಬದಲಾದಾಗ ಎಲ್ಲೆಲ್ಲಿ ಅದು ಬಳಕೆಯಾಗಿದೆ ಎಂದು ಕಂಪೈಲರ್ ತೋರಿಸುವುದಕ್ಕೂ, ಅಕ್ಷರಸರಗಳಲ್ಲಿ ಕಣ್ಣಾಡಿಸಿ ಹುಡುಕುವುದಕ್ಕೂ ಹೋಲಿಕೆಯೇ ಇಲ್ಲ.

ಮೂರನೆಯ ಆಕ್ಷೇಪಣೆ ಗಂಭೀರವಾದದ್ದು, ಅದಕ್ಕೆ ಪೂರ್ತಿ ಉತ್ತರ ಇನ್ನೂ ಸಿಕ್ಕಿಲ್ಲ. ಒಂದೇ ವಾಕ್ಯ ಇಲ್ಲೂ ನಡೆಯುತ್ತದೆ, ಅಲ್ಲೂ ನಡೆಯುತ್ತದೆ ಎನ್ನುವಾಗ ಎರಡೂ ಕಡೆ ಅದರ ಅರ್ಥ ಒಂದೇ ಎಂಬ ಭ್ರಮೆ ಹುಟ್ಟುತ್ತದೆ. ಸಿ ಶಾರ್ಪ್‌ನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ. ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಸಾಮಾನ್ಯವಾಗಿರುವ ಹೊಂದಿಕೆಯಲ್ಲಿ ಎರಡೂ ಸಮ. ಹೀಗಾಗಿ ಒಂದೇ ಹೋಲಿಕೆಗೆ ಮೆಮೊರಿಯಲ್ಲಿ ಒಂದು ಉತ್ತರ, ಡೇಟಾಬೇಸಿನಲ್ಲಿ ಇನ್ನೊಂದು ಉತ್ತರ ಬರಬಹುದು. ಮೌಲ್ಯವೇ ಇಲ್ಲದ ಖಾಲಿ ಜಾಗವನ್ನು ಎಸ್‌ಕ್ಯುಎಲ್ ಸರಿ, ತಪ್ಪು, ತಿಳಿಯದು ಎಂಬ ಮೂರು ಬೆಲೆಗಳ ತರ್ಕದಿಂದ ನೋಡುತ್ತದೆ; ಸಿ ಶಾರ್ಪ್‌ಗೆ ಗೊತ್ತಿರುವುದು ಎರಡೇ. ಪ್ರೋಗ್ರಾಮರ್ ತಾನೇ ಬರೆದ ಒಂದು ವಿಧಾನವನ್ನು ಷರತ್ತಿನಲ್ಲಿ ಬಳಸಿದರೆ ಅದನ್ನು ಎಸ್‌ಕ್ಯುಎಲ್‌ಗೆ ತಿರುಗಿಸಲು ಸಾಧ್ಯವೇ ಆಗದಿರಬಹುದು, ಕಂಪೈಲರ್ ಅದನ್ನು ಮೊದಲೇ ಹೇಳುವುದೂ ಇಲ್ಲ. ಮರವನ್ನು ಎಸ್‌ಕ್ಯುಎಲ್‌ಗೆ ತಿರುಗಿಸುವ, ಮೈಕ್ರೋಸಾಫ್ಟ್‌ನ ಎಂಟಿಟಿ ಫ್ರೇಮ್‌ವರ್ಕ್ ಕೋರ್ ಎಂಬ ಘಟಕದ ಆರಂಭದ ಆವೃತ್ತಿಗಳು ಇಂಥ ಸಂದರ್ಭದಲ್ಲಿ ಸಾಲುಗಳನ್ನು ಡೇಟಾಬೇಸಿನಿಂದ ಎಳೆದುಕೊಂಡು ಬಂದು ಷರತ್ತನ್ನು ಇಲ್ಲೇ ನಡೆಸುತ್ತಿದ್ದವು. ಪರೀಕ್ಷೆಯ ನೂರು ಸಾಲುಗಳಲ್ಲಿ ಗೊತ್ತಾಗದ ಈ ಹೊರೆ ನಿಜವಾದ ಲಕ್ಷಾಂತರ ಸಾಲುಗಳಲ್ಲಿ ವ್ಯವಸ್ಥೆಯನ್ನೇ ಕೆಡವಬಲ್ಲದು. 2019ರ ಮೂರನೆಯ ಆವೃತ್ತಿಯಲ್ಲಿ ಆ ನಡವಳಿಕೆಯನ್ನು ಕೈಬಿಟ್ಟು, ತಿರುಗಿಸಲಾಗದ ಷರತ್ತು ಬಂದರೆ ದೋಷವೆಂದು ನಿಲ್ಲಿಸುವಂತೆ ಮಾಡಿದರು. ಅದು ಸರಿಯಾದ ತೀರ್ಮಾನ. ದೂರವನ್ನು ಮರೆಮಾಡುವ ಸೌಕರ್ಯಕ್ಕಿಂತ ದೂರವನ್ನು ಒಪ್ಪಿಕೊಳ್ಳುವ ಸೌಕರ್ಯ ಮೇಲು.

ಈ ದೌರ್ಬಲ್ಯ ವಿಚಾರದ್ದೋ ಅಥವಾ ಅದನ್ನು ಜಾರಿಗೆ ತಂದ ರೀತಿಯದ್ದೋ ಎಂದು ಕೇಳಬೇಕು. ಎಡಿನ್‌ಬರೊದ ಕೆಲಸ ಇಲ್ಲಿ ಮಹತ್ವದ್ದು. ಅದಕ್ಕೂ ಮುಂಚೆ, 1996ರಲ್ಲಿ ಲಿಮ್‌ಸೂನ್ ವಾಂಗ್, ಒಂದರೊಳಗೊಂದು ಹೆಣೆದ ಕಾಂಪ್ರಿಹೆನ್ಶನ್‌ಗಳನ್ನು ಒಂದು ಸರಳ ಸಿದ್ಧರೂಪಕ್ಕೆ ಇಳಿಸಬಹುದೆಂದು ಸಾಬೀತುಪಡಿಸಿದ್ದರು. 2009ರಲ್ಲಿ ಎಜ್ರಾ ಕೂಪರ್ ಅದನ್ನು ಫಲನಗಳನ್ನು ಬಳಸುವ ಪ್ರಶ್ನೆಗಳಿಗೂ ವಿಸ್ತರಿಸಿದರು. 2013ರಲ್ಲಿ ಜೇಮ್ಸ್ ಚೀನಿ, ಸ್ಯಾಮ್ ಲಿಂಡ್ಲಿ ಮತ್ತು ವಾಡ್ಲರ್ ಇದರ ಮೇಲೆ ಕಟ್ಟಿದ ಸಿದ್ಧಾಂತ ಹೀಗೆನ್ನುತ್ತದೆ: ಭಾಷೆಯ ಬಗೆಗಳ ನಿಯಮಕ್ಕೆ ಒಳಪಟ್ಟ ಪ್ರಶ್ನೆ ಸಾದಾ ಕೋಷ್ಟಕವನ್ನು ಉತ್ತರವಾಗಿ ಕೊಡುವಂಥದ್ದಾದರೆ, ಅದನ್ನು ನಡುವೆ ಎಷ್ಟೇ ಸಣ್ಣ ಸಣ್ಣ ತುಂಡುಗಳಿಂದ ಜೋಡಿಸಿದ್ದರೂ, ಕೊನೆಗೆ ಡೇಟಾಬೇಸಿಗೆ ಹೋಗುವುದು ಒಂದೇ ಒಂದು ಎಸ್‌ಕ್ಯುಎಲ್ ವಾಕ್ಯ. ಒಂದು ಪ್ರಶ್ನೆ ನೂರು ಪ್ರಶ್ನೆಗಳಾಗಿ ಸಿಡಿಯುವ ಸಂಭವವೇ ಇಲ್ಲ. ಮೈಕ್ರೋಸಾಫ್ಟ್‌ನ ಎಫ್ ಶಾರ್ಪ್ ಭಾಷೆಯಲ್ಲಿ ಇದ್ದ ಅನುವಾದಕ ಕೆಲವು ಪ್ರಶ್ನೆಗಳಲ್ಲಿ ಎಡವುತ್ತಿತ್ತು, ಕೆಲವನ್ನು ಹಾಗೆ ಸಿಡಿಸುತ್ತಿತ್ತು. ಅದೇ ಪ್ರಶ್ನೆಗಳು ಇವರ ವಿಧಾನದಲ್ಲಿ ಒಂದೇ ವಾಕ್ಯವಾಗಿ ಹೋದವು. ಅಂದರೆ ವಿಚಾರ 2007ರ ಉತ್ಪನ್ನಕ್ಕಿಂತ ಗಟ್ಟಿ, ಉತ್ಪನ್ನಗಳು ಇನ್ನೂ ಅದನ್ನು ಹಿಂಬಾಲಿಸುತ್ತಿವೆ. ಅಲ್ಲಿಯವರೆಗೆ, ಸಿ ಶಾರ್ಪ್‌ನಲ್ಲಾಗಲಿ ಬೇರೆ ಭಾಷೆಯಲ್ಲಾಗಲಿ ಇಂಥ ಪ್ರಶ್ನೆಗಳನ್ನು ಬರೆಯುವ ಓದುಗರಲ್ಲಿ ಒಂದು ಕೋರಿಕೆ: ನಿಮ್ಮ ವಾಕ್ಯದಿಂದ ಹುಟ್ಟಿ ಡೇಟಾಬೇಸಿಗೆ ಹೋಗುವ ಎಸ್‌ಕ್ಯುಎಲ್ ಅನ್ನು ಲಾಗ್‌ನಲ್ಲಿ ಬರೆದಿಡುವ ಸೌಲಭ್ಯ ಈ ಉಪಕರಣಗಳಲ್ಲಿ ಇರುತ್ತದೆ. ಅದನ್ನು ಚಾಲೂ ಮಾಡಿ, ಹೋಗುತ್ತಿರುವುದನ್ನು ಒಮ್ಮೆ ಓದಿ.